ಎಂಎಸ್ ಔಷಧ ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ? ಮೂರು ದಶಕಗಳ ಅನುಭವ ಹೇಳುವುದೇನು, ಇಲ್ಲಿದೆ ಪೂರ್ಣ ಮಾಹಿತಿ

ಕಲ್ಯಾಣ: ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಕಾಣಿಸಿಕೊಂಡು ಜೀವನಪೂರ್ತಿ ಜತೆಗಿರುವ ನರರೋಗ ಇದು. ರೋಗ ಖಚಿತವಾದ ಮೇಲೆ ವೈದ್ಯರು ಔಷಧ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಮನೆಗೆ ಬಂದವರೆಲ್ಲರ ಮುಂದೆ ನಿಲ್ಲುವ ಪ್ರಶ್ನೆ ಎರಡೇ. ಇದನ್ನು ಎಷ್ಟು ವರ್ಷ ತೆಗೆದುಕೊಳ್ಳಬೇಕು? ಅಷ್ಟು ವರ್ಷ ತೆಗೆದುಕೊಂಡರೆ ದೇಹಕ್ಕೆ ಏನಾಗುತ್ತದೆ?

ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬೈ ಪಟ್ಟಣಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಪ್ರಶ್ನೆ ಹೊಸದಲ್ಲ. ಮುಂಬೈನ ದೊಡ್ಡ ಆಸ್ಪತ್ರೆಗಳು ಲೋಕಲ್ ರೈಲಿನ ದಾರಿಯಲ್ಲೇ ಇವೆ. ಆದರೆ ದಿನವೂ ಕೆಲಸಕ್ಕೆ ಓಡುವ ಊರಿನಲ್ಲಿ ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಎಂಆರ್‌ಐ ಎಂದು ದಶಕಗಳ ಕಾಲ ಓಡಾಡುವುದು ಸುಲಭದ ಮಾತಲ್ಲ. ಎಂಎಸ್ ಔಷಧದ ಸುರಕ್ಷತೆ ನಿಂತಿರುವುದೇ ಈ ಓಡಾಟದ ಮೇಲೆ ಎಂಬುದು ಕಳೆದ 30 ವರ್ಷಗಳ ಪಾಠ.

ಏನಿದು ಎಂಎಸ್?

ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮೈಲಿನ್ ಎಂಬ ಕವಚ ಇರುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರ್ ಹೊದಿಕೆಯ ಹಾಗೆ. ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಈ ಕವಚದ ಮೇಲೆ ದಾಳಿ ಮಾಡಿದರೆ ನರಗಳ ಸಂದೇಶ ತಡವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಒಂದು ಕಣ್ಣಿನ ದೃಷ್ಟಿ ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮೂತ್ರ ಹಿಡಿದುಕೊಳ್ಳಲಾಗದಿರುವುದು, ವಿಪರೀತ ಸುಸ್ತು ಇದರ ಲಕ್ಷಣಗಳು.

ಹೆಚ್ಚಿನವರಲ್ಲಿ ರೋಗ ಬಂದು ಹೋಗುವ ರೀತಿಯಲ್ಲಿ ಶುರುವಾಗುತ್ತದೆ. ಕೆಲವು ವಾರ ತೊಂದರೆ, ನಂತರ ಚೇತರಿಕೆ, ಮತ್ತೆ ಯಾವಾಗಲೋ ಮರುಕಳಿಕೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಮರುಕಳಿಕೆ ಇಲ್ಲದೆಯೇ ಅಂಗಬಲ ನಿಧಾನವಾಗಿ ಕುಗ್ಗುವ ಎರಡನೇ ಹಂತ ಬರುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಎಂಎಸ್ ಇದೆ ಎಂಬುದು ಅಂದಾಜು.

ಭಾರತದಲ್ಲಿ ಅಪರೂಪವೇ?

ಒಂದು ಕಾಲದಲ್ಲಿ ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಲಕ್ಷಕ್ಕೆ ಒಬ್ಬರಿಗೂ ಇಲ್ಲ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಮುಂಬೈನ ಪಾರ್ಸಿ ಸಮುದಾಯದಲ್ಲಿ ನಡೆದ ಸಮೀಕ್ಷೆಗಳು ಲಕ್ಷಕ್ಕೆ 20ಕ್ಕೂ ಹೆಚ್ಚು ರೋಗಿಗಳನ್ನು ತೋರಿಸಿದವು. ಡಾ. ನೌಶೀರ್ ವಾಡಿಯಾ ಅವರಂಥ ಮುಂಬೈನ ನರರೋಗ ತಜ್ಞರು ಈ ವಿಷಯವನ್ನು ಜಗತ್ತಿನ ಗಮನಕ್ಕೆ ತಂದರು.

ಕನ್ನಡ ನಾಡಿನಲ್ಲೂ ಲೆಕ್ಕ ಬದಲಾಗಿದೆ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎಂಎಸ್ ಪ್ರಮಾಣ ಲಕ್ಷಕ್ಕೆ ಸುಮಾರು 8 ಎಂದು ಕಂಡುಬಂತು. ಎಂಆರ್‌ಐ ಯಂತ್ರಗಳು ಮತ್ತು ನರರೋಗ ತಜ್ಞರು ಹೆಚ್ಚಿದಂತೆ ಪತ್ತೆಯೂ ಹೆಚ್ಚಿದೆ. ಅಂದರೆ ದೀರ್ಘಕಾಲ ಔಷಧ ಸೇವಿಸುವವರ ಸಂಖ್ಯೆಯೂ ಬೆಳೆಯುತ್ತಿದೆ.

ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಇಲ್ಲೇ ಮೊದಲ ಗೊಂದಲ. ಮರುಕಳಿಕೆ ಆದಾಗ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುವ ಸ್ಟೀರಾಯ್ಡ್ ಬೇಗ ಚೇತರಿಸಿಕೊಳ್ಳಲು ನೆರವಾಗುತ್ತದೆ. ಆದರೆ ಮುಂದಿನ ಮರುಕಳಿಕೆಯನ್ನು ಅದು ತಡೆಯುವುದಿಲ್ಲ. 'ಹೋದ ಸಲ ಇದರಿಂದಲೇ ಆರಾಮಾಯಿತು' ಎಂದು ಸ್ಟೀರಾಯ್ಡ್ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಬರಬಹುದು.

ರೋಗದ ದಾರಿಯನ್ನೇ ಬದಲಿಸಲು ಕೊಡುವ ಔಷಧಗಳ ಗುಂಪು ಬೇರೆ. ಇವು ದಾರಿ ತಪ್ಪಿದ ರೋಗನಿರೋಧಕ ಕಣಗಳನ್ನು ಶಾಂತಗೊಳಿಸುತ್ತವೆ, ಮೆದುಳಿಗೆ ಹೋಗದಂತೆ ತಡೆಯುತ್ತವೆ ಅಥವಾ ಕಡಿಮೆ ಮಾಡುತ್ತವೆ. ಇವು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ, ರೋಗವನ್ನು ಬುಡಸಮೇತ ಕಿತ್ತುಹಾಕುವುದೂ ಇಲ್ಲ. ಮುಂದಾಗಬಹುದಾದ ಹಾನಿಯನ್ನು ತಗ್ಗಿಸುವುದಷ್ಟೇ ಇವುಗಳ ಕೆಲಸ. ಹೀಗಾಗಿ ಔಷಧ ತೆಗೆದುಕೊಂಡವರಿಗೆ ತಕ್ಷಣ ಏನೂ ಸುಧಾರಿಸಿದಂತೆ ಅನಿಸುವುದಿಲ್ಲ. ನಡುವಿನಲ್ಲೇ ಬಿಟ್ಟುಬಿಡುವವರು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಎರಡು ವರ್ಷದ ಪ್ರಯೋಗ, ನಲವತ್ತು ವರ್ಷದ ರೋಗ

ಎಂಎಸ್ ಔಷಧಗಳಿಗೆ ಅನುಮತಿ ಸಿಗುವುದು ಬಹುತೇಕ ಎರಡು ವರ್ಷದ ಪ್ರಯೋಗದ ಮೇಲೆ. ರೋಗಿ ಬದುಕುವುದು 30, 40 ವರ್ಷ. ಈ ಅಂತರವನ್ನು ತುಂಬುವುದು ಮಾರುಕಟ್ಟೆಗೆ ಬಂದ ನಂತರದ ನಿಗಾ ಮಾತ್ರ.

ಮೊದಲ ಔಷಧ ಇಂಟರ್‌ಫೆರಾನ್ ಬೀಟಾ-1ಬಿ. ಅಮೆರಿಕ ಮತ್ತು ಕೆನಡಾದ 372 ರೋಗಿಗಳ ಮೇಲೆ 1988ರಲ್ಲಿ ಇದರ ಪ್ರಯೋಗ ಶುರುವಾಯಿತು. 1993ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ನೀಡಿತು. ಪ್ರಯೋಗ ಶುರುವಾಗಿ 21 ವರ್ಷಗಳ ನಂತರ ಸಂಶೋಧಕರು ಅದೇ ರೋಗಿಗಳನ್ನು ಹುಡುಕಿ ಹೊರಟರು. 372ರಲ್ಲಿ 366 ಜನರ ಸ್ಥಿತಿಗತಿ ಪತ್ತೆಯಾಯಿತು. ಆರಂಭದಲ್ಲೇ ಪೂರ್ಣ ಪ್ರಮಾಣದ ಔಷಧ ಪಡೆದವರಲ್ಲಿ ಸಾವಿನ ಅಪಾಯ, ಆಗ ಬರಿಯ ಹುಸಿಮದ್ದು ಪಡೆದವರಿಗೆ ಹೋಲಿಸಿದರೆ ಶೇ. 46.8ರಷ್ಟು ಕಡಿಮೆ ಇತ್ತು. ಆರಂಭದ ಕೆಲವು ವರ್ಷಗಳ ಚಿಕಿತ್ಸೆಯ ಗುರುತು ಎರಡು ದಶಕದ ನಂತರವೂ ಉಳಿದಿತ್ತು.

ಇದೊಂದನ್ನೇ ನೋಡಿ ನಿರ್ಧರಿಸುವಂತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾವಿರಾರು ರೋಗಿಗಳ ದಾಖಲೆ ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಮಾತು ಹೇಳಿತು. ಕೋಲು ಹಿಡಿದು ನಡೆಯಬೇಕಾದ ಹಂತ ತಲುಪುವುದನ್ನು ಇಂಟರ್‌ಫೆರಾನ್ ಮುಂದೂಡಿದ್ದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಮರುಕಳಿಕೆ ಕಡಿಮೆಯಾದ ಮಾತ್ರಕ್ಕೆ ಅಂಗವೈಕಲ್ಯವೂ ತಡೆಯಲ್ಪಡುತ್ತದೆಯೇ ಎಂಬ ಚರ್ಚೆ ಅಲ್ಲಿಂದ ಬಿರುಸಾಯಿತು.

21 ದೇಶಗಳ 1,555 ರೋಗಿಗಳ ದಾಖಲೆ ಆಧರಿಸಿ 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಈ ಚರ್ಚೆಗೆ ಸ್ವಲ್ಪ ಸ್ಪಷ್ಟತೆ ತಂದಿತು. ರೋಗ ಶುರುವಾದ ಐದು ವರ್ಷದೊಳಗೆ ಇಂಟರ್‌ಫೆರಾನ್ ಅಥವಾ ಗ್ಲಾಟಿರಾಮರ್ ಆರಂಭಿಸಿದವರಲ್ಲಿ ಎರಡನೇ ಹಂತಕ್ಕೆ ಜಾರುವ ಅಪಾಯ ತಡವಾಗಿ ಆರಂಭಿಸಿದವರಿಗಿಂತ ಕಡಿಮೆ ಇತ್ತು. ಮೊದಲಿಗೇ ಫಿಂಗೋಲಿಮಾಡ್, ನಟಲಿಝುಮ್ಯಾಬ್, ಅಲೆಮ್‌ಟುಝುಮ್ಯಾಬ್‌ನಂಥ ಪ್ರಬಲ ಔಷಧ ಪಡೆದವರಲ್ಲಿ ಐದು ವರ್ಷದೊಳಗೆ ಎರಡನೇ ಹಂತಕ್ಕೆ ಜಾರಿದವರು ಶೇ. 7. ಹಳೆಯ ಔಷಧಗಳಿಂದ ಆರಂಭಿಸಿದವರಲ್ಲಿ ಇದು ಶೇ. 12.

ಒಟ್ಟಾರೆ ತಾತ್ಪರ್ಯ ಇಷ್ಟು. ಬೇಗ ಶುರು ಮಾಡಿದರೆ ಲಾಭ ಹೆಚ್ಚು. ಔಷಧ ಪ್ರಬಲವಾದಷ್ಟೂ ಲಾಭ ಹೆಚ್ಚಬಹುದು, ನಿಗಾವೂ ಅಷ್ಟೇ ಹೆಚ್ಚಬೇಕು.

ಹಳೆಯ ಚುಚ್ಚುಮದ್ದುಗಳು: ಸುರಕ್ಷಿತ, ಆದರೂ ಎಚ್ಚರ

ಇಂಟರ್‌ಫೆರಾನ್ ಮತ್ತು 1996ರಲ್ಲಿ ಅನುಮತಿ ಪಡೆದ ಗ್ಲಾಟಿರಾಮರ್ ಅಸಿಟೇಟ್ ಅತಿ ಹೆಚ್ಚು ಕಾಲ ಬಳಕೆಯಲ್ಲಿರುವ ಎಂಎಸ್ ಔಷಧಗಳು. ಇಂಟರ್‌ಫೆರಾನ್ ಚುಚ್ಚಿಕೊಂಡ ರಾತ್ರಿ ಜ್ವರ, ಮೈಕೈ ನೋವು ಸಾಮಾನ್ಯ. ಲಿವರ್ ಪರೀಕ್ಷೆ, ರಕ್ತಕಣಗಳ ಎಣಿಕೆ, ಥೈರಾಯ್ಡ್ ಪರೀಕ್ಷೆ ಕಾಲಕಾಲಕ್ಕೆ ಬೇಕು. ಖಿನ್ನತೆ ಇದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ದಶಕಗಳ ಬಳಕೆಯಲ್ಲೂ ಗಂಭೀರ ಸೋಂಕಿನ ಅಪಾಯ ಇವುಗಳಲ್ಲಿ ಹೆಚ್ಚಿಲ್ಲ ಎಂಬುದೇ ದೊಡ್ಡ ಸಮಾಧಾನ.

ಹಾಗೆಂದು ಹಳೆಯ ಔಷಧದ ಬಗ್ಗೆ ಎಲ್ಲವೂ ತಿಳಿದುಬಿಟ್ಟಿದೆ ಎಂದಲ್ಲ. ಗ್ಲಾಟಿರಾಮರ್ ಬಳಕೆಗೆ ಬಂದು ಸುಮಾರು 28 ವರ್ಷವಾದ ಮೇಲೆ, 2025ರ ಜನವರಿಯಲ್ಲಿ, ಎಫ್‌ಡಿಎ ಅದಕ್ಕೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಸೇರಿಸಿತು. ಉಸಿರುಕಟ್ಟಿಸುವ ತೀವ್ರ ಅಲರ್ಜಿಯ 82 ಪ್ರಕರಣಗಳು ಜಗತ್ತಿನಾದ್ಯಂತ ವರದಿಯಾಗಿದ್ದವು. ಆರು ಮಂದಿ ಸಾವನ್ನಪ್ಪಿದ್ದರು. ಲಕ್ಷಾಂತರ ಜನ ಬಳಸಿದ ಔಷಧಕ್ಕೆ ಇದು ಬಹಳ ಅಪರೂಪದ ಸಂಗತಿ. ಆದರೆ ವರ್ಷಗಳ ಕಾಲ ಏನೂ ಆಗದವರಿಗೂ ಇದ್ದಕ್ಕಿದ್ದಂತೆ ಆಗಬಹುದು ಎಂಬುದು ಗಮನಿಸಬೇಕಾದ ಅಂಶ. ಚುಚ್ಚಿಕೊಂಡ ನಂತರ ಉಸಿರಾಟದ ತೊಂದರೆ, ಮುಖ ಅಥವಾ ಗಂಟಲು ಊದಿಕೊಳ್ಳುವುದು, ಮೈಯೆಲ್ಲ ದದ್ದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಟಲಿಝುಮ್ಯಾಬ್: ಹಿಂದೆ ಸರಿದು ಮತ್ತೆ ಬಂದ ಔಷಧ

ದೀರ್ಘಕಾಲದ ಸುರಕ್ಷತೆ ಎಂದರೇನು ಎಂಬುದನ್ನು ಜಗತ್ತಿಗೆ ಕಲಿಸಿದ್ದು ಈ ಔಷಧ. ಮರುಕಳಿಕೆಯನ್ನು ಶೇ. 68ರಷ್ಟು ತಗ್ಗಿಸುತ್ತದೆ ಎಂಬ ಪ್ರಯೋಗದ ಬಲದಿಂದ 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಮೂರೇ ತಿಂಗಳಲ್ಲಿ, 2005ರ ಫೆಬ್ರವರಿಯಲ್ಲಿ, ಮಾರಾಟ ನಿಂತಿತು. ಕಾರಣ, ಪಿಎಂಎಲ್ ಎಂಬ ಮಾರಣಾಂತಿಕ ಮೆದುಳಿನ ಸೋಂಕು.

ಜೆಸಿ ಎಂಬ ವೈರಸ್ ಬಹಳಷ್ಟು ಜನರ ದೇಹದಲ್ಲಿ ಯಾವ ತೊಂದರೆಯನ್ನೂ ಕೊಡದೆ ಅಡಗಿರುತ್ತದೆ. ಔಷಧವು ರಕ್ಷಕ ಕಣಗಳನ್ನು ಮೆದುಳಿಗೆ ಹೋಗದಂತೆ ತಡೆಯುವುದರಿಂದ ಈ ವೈರಸ್‌ಗೆ ಅಲ್ಲಿ ಅವಕಾಶ ಸಿಗುತ್ತದೆ. ಔಷಧದಿಂದ ಬಹಳ ಲಾಭ ಕಂಡಿದ್ದ ರೋಗಿಗಳ ಒತ್ತಾಯವೂ ಸೇರಿ, ಕಟ್ಟುನಿಟ್ಟಿನ ನಿಗಾ ವ್ಯವಸ್ಥೆಯೊಂದಿಗೆ 2006ರಲ್ಲಿ ಅದು ಮರಳಿ ಬಂತು.

ಆ ನಿಗಾದ ಫಲ 2012ರಲ್ಲಿ ಕಂಡಿತು. ಸುಮಾರು ಒಂದು ಲಕ್ಷ ರೋಗಿಗಳಲ್ಲಿ 212 ಪಿಎಂಎಲ್ ಪ್ರಕರಣ, ಅಂದರೆ ಸರಾಸರಿ ಸಾವಿರಕ್ಕೆ 2. ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ರಕ್ತದಲ್ಲಿ ಜೆಸಿ ವೈರಸ್‌ನ ಪ್ರತಿಕಾಯ ಇಲ್ಲದವರಲ್ಲಿ ಅಪಾಯ ಹತ್ತು ಸಾವಿರಕ್ಕೆ ಒಂದಕ್ಕೂ ಕಡಿಮೆ. ಪ್ರತಿಕಾಯ ಇದ್ದು, ಹಿಂದೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಪಡೆದು, ಇದನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸಾವಿರಕ್ಕೆ 11. ಒಂದೇ ಔಷಧ, ಇಬ್ಬರಿಗೆ ನೂರು ಪಟ್ಟಿಗೂ ಹೆಚ್ಚು ಅಂತರದ ಅಪಾಯ. ಆ ಅಂತರ ತಿಳಿಯುವುದು ಒಂದು ರಕ್ತಪರೀಕ್ಷೆಯಿಂದ. ಈಗ ವೈದ್ಯರು ಆರು ತಿಂಗಳಿಗೊಮ್ಮೆ ಆ ಪರೀಕ್ಷೆ ಮಾಡಿಸಿ, ಅಪಾಯ ಏರಿದರೆ ಔಷಧ ಬದಲಿಸುತ್ತಾರೆ ಅಥವಾ ಡೋಸ್‌ಗಳ ನಡುವಿನ ಅವಧಿ ಹೆಚ್ಚಿಸುತ್ತಾರೆ.

ಮಾತ್ರೆಗಳು: ಸುಲಭ, ಆದರೆ ಹಗುರವಲ್ಲ

ಫಿಂಗೋಲಿಮಾಡ್ 2010ರಲ್ಲಿ ಬಂದ ಮೊದಲ ಎಂಎಸ್ ಮಾತ್ರೆ. ಮೊದಲ ಡೋಸ್ ಕೊಟ್ಟು ಆರು ಗಂಟೆ ಹೃದಯ ಬಡಿತ ಗಮನಿಸಬೇಕು. ಆರಂಭಿಸುವ ಮೊದಲು ಚಿಕನ್‌ಪಾಕ್ಸ್‌ನ ರಕ್ಷಣೆ ಇದೆಯೇ ನೋಡಬೇಕು. ಮೂರ್ನಾಲ್ಕು ತಿಂಗಳಲ್ಲಿ ಕಣ್ಣಿನ ಪರೀಕ್ಷೆ ಬೇಕು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾತ್ರೆ ಥಟ್ಟನೆ ನಿಲ್ಲಿಸಿದರೆ ಕೆಲವರಲ್ಲಿ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು ಎಂದು ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. 'ಈ ತಿಂಗಳು ದುಡ್ಡಿಲ್ಲ, ಮುಂದಿನ ತಿಂಗಳು ತಂದರಾಯಿತು' ಎನ್ನುವಂತಹ ಮಾತ್ರೆ ಇದಲ್ಲ.

ಟೆರಿಫ್ಲೂನೊಮೈಡ್‌ಗೆ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಬೇಕು. ನಿಲ್ಲಿಸಿದ ಮೇಲೂ ಇದು ಎರಡು ವರ್ಷದವರೆಗೆ ದೇಹದಲ್ಲಿ ಉಳಿಯಬಹುದು. ಡೈಮಿಥೈಲ್ ಫ್ಯೂಮರೇಟ್‌ನಿಂದ ಮುಖ ಕೆಂಪಾಗುವುದು, ಹೊಟ್ಟೆ ಕೆಡುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ದೀರ್ಘಕಾಲದಲ್ಲಿ ನೋಡಬೇಕಾದದ್ದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಎಣಿಕೆ. ಅದು ತೀರಾ ಕುಸಿದು ಹಾಗೆಯೇ ಉಳಿದರೆ ಪಿಎಂಎಲ್ ಅಪಾಯ ಇಲ್ಲೂ ಇದೆ, ಅಪರೂಪಕ್ಕಾದರೂ.

ಆರು ತಿಂಗಳಿಗೊಮ್ಮೆ ಡ್ರಿಪ್: ರಿಟುಕ್ಸಿಮ್ಯಾಬ್, ಒಕ್ರೆಲಿಝುಮ್ಯಾಬ್

ಬಿ ಕಣಗಳೆಂಬ ರೋಗನಿರೋಧಕ ಕಣಗಳನ್ನು ಕಡಿಮೆ ಮಾಡುವ ಈ ಔಷಧಗಳು ಚಿಕಿತ್ಸೆಯ ಚಿತ್ರವನ್ನೇ ಬದಲಿಸಿವೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಕ್ರೆಲಿಝುಮ್ಯಾಬ್, ಇಂಟರ್‌ಫೆರಾನ್ ಬೀಟಾ-1ಎಗಿಂತ ಮರುಕಳಿಕೆಯನ್ನು ಸುಮಾರು ಶೇ. 46ರಷ್ಟು ಹೆಚ್ಚು ತಗ್ಗಿಸಿತು. ಮೊದಲಿನಿಂದಲೇ ನಿಧಾನವಾಗಿ ಏರುವ ಬಗೆಯ ಎಂಎಸ್‌ಗೆ ಅನುಮತಿ ಪಡೆದ ಮೊದಲ ಔಷಧವೂ ಇದೇ.

ಭಾರತದಲ್ಲಿ ಹೆಚ್ಚು ಕೇಳಿಬರುವ ಹೆಸರು ರಿಟುಕ್ಸಿಮ್ಯಾಬ್. ಇದು ಮೂಲತಃ ರಕ್ತದ ಕ್ಯಾನ್ಸರ್ ಔಷಧ. ಹೈದರಾಬಾದ್‌ನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಇದರ ದೇಶೀ ಆವೃತ್ತಿ ತಂದಿದ್ದರಿಂದ ಬೆಲೆ ಇಳಿಯಿತು. ಔಷಧದ ಲೇಬಲ್‌ನಲ್ಲಿ ಎಂಎಸ್ ಹೆಸರಿಲ್ಲದಿದ್ದರೂ ವೈದ್ಯರು ಪುರಾವೆಯ ಆಧಾರದ ಮೇಲೆ ಬರೆಯುತ್ತಾರೆ. ಸ್ವೀಡನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷದ ಅವಧಿಯಲ್ಲಿ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ. 3 ಮಂದಿಗೆ ಮಾತ್ರ ಮರುಕಳಿಸಿತು. ಡೈಮಿಥೈಲ್ ಫ್ಯೂಮರೇಟ್ ಪಡೆದವರಲ್ಲಿ ಇದು ಶೇ. 16. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಮೊದಲ ಬಾರಿ ಎಂಎಸ್ ಔಷಧಗಳನ್ನು ಸೇರಿಸಿದಾಗ ಕ್ಲಾಡ್ರಿಬೈನ್, ಗ್ಲಾಟಿರಾಮರ್ ಜತೆಗೆ ರಿಟುಕ್ಸಿಮ್ಯಾಬ್ ಕೂಡ ಇತ್ತು.

ಇವುಗಳ ದೀರ್ಘಕಾಲದ ಚಿಂತೆ ಸೋಂಕು. ವರ್ಷಗಳು ಕಳೆದಂತೆ ಕೆಲವರ ರಕ್ತದಲ್ಲಿ ರೋಗನಿರೋಧಕ ಪ್ರೋಟೀನ್‌ಗಳಾದ ಇಮ್ಯುನೊಗ್ಲೋಬ್ಯುಲಿನ್ ಪ್ರಮಾಣ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ ಈ ಔಷಧ ಪಡೆಯುತ್ತಿದ್ದವರಲ್ಲಿ ಆಸ್ಪತ್ರೆ ಸೇರುವ ಪ್ರಮಾಣ ಹೆಚ್ಚಿತ್ತು, ಲಸಿಕೆಗೆ ದೇಹ ಸ್ಪಂದಿಸಿದ್ದೂ ಕಡಿಮೆ. ಹಾಗಾಗಿ ಪ್ರತಿ ಡ್ರಿಪ್‌ಗೆ ಮೊದಲು ರಕ್ತಪರೀಕ್ಷೆ, ಜ್ವರ ಕೆಮ್ಮು ಇದ್ದರೆ ಮುಂದೂಡುವುದು ವಾಡಿಕೆ.

ನಿಗಾ ಇಲ್ಲದಿದ್ದರೆ ಏನಾಗುತ್ತಿತ್ತು?

ಡ್ಯಾಕ್ಲಿಝುಮ್ಯಾಬ್ ಎಂಬ ಔಷಧಕ್ಕೆ 2016ರಲ್ಲಿ ಅನುಮತಿ ಸಿಕ್ಕಿತ್ತು. 2018ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಮೆದುಳಿನ ಗಂಭೀರ ಉರಿಯೂತದ 12 ಪ್ರಕರಣ, ಅವುಗಳಲ್ಲಿ ಮೂರು ಸಾವು ವರದಿಯಾಗಿದ್ದವು. 2000ದಲ್ಲಿ ಎಂಎಸ್‌ಗೆ ಅನುಮತಿ ಪಡೆದ ಮೈಟೊಕ್ಸಾಂಟ್ರೋನ್ ಹೃದಯಕ್ಕೆ ಹಾನಿ ಮಾಡುವುದರಿಂದ ಇಡೀ ಜೀವನದಲ್ಲಿ ಇಷ್ಟೇ ಎಂಬ ಮಿತಿ ಇದೆ. ರಕ್ತದ ಕ್ಯಾನ್ಸರ್ ಅಪಾಯವೂ ಇರುವುದರಿಂದ ಈಗ ಇದರ ಬಳಕೆ ಬಹಳ ಕಡಿಮೆ. ಈ ಎರಡೂ ಕಥೆಗಳಲ್ಲಿ ಅಪಾಯ ಬೆಳಕಿಗೆ ಬಂದಿದ್ದು ರೋಗಿಗಳು ತಪಾಸಣೆಗೆ ಬಂದಿದ್ದರಿಂದ, ವೈದ್ಯರು ವರದಿ ಮಾಡಿದ್ದರಿಂದ.

ಭಾರತದಲ್ಲೂ ಅಡ್ಡ ಪರಿಣಾಮ ವರದಿ ಮಾಡಲು 2010ರಿಂದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮ ಇದೆ. ಉಚಿತ ಸಹಾಯವಾಣಿ 1800-180-3024. ವೈದ್ಯರೇ ಆಗಬೇಕೆಂದಿಲ್ಲ, ರೋಗಿಗಳೂ ಕರೆ ಮಾಡಿ ತಿಳಿಸಬಹುದು.

ಔಷಧಕ್ಕೂ ಮೊದಲು: ಅದು ಎಂಎಸ್ ಹೌದೇ?

ಅಡ್ಡ ಪರಿಣಾಮಕ್ಕಿಂತ ದೊಡ್ಡ ಅಪಾಯ ತಪ್ಪು ರೋಗಕ್ಕೆ ಔಷಧ ಕೊಡುವುದು. ಎನ್‌ಎಂಒ ಎಂಬ ಇನ್ನೊಂದು ಕಾಯಿಲೆಯೂ ಕಣ್ಣಿನ ನರ ಮತ್ತು ಬೆನ್ನುಹುರಿಗೆ ದಾಳಿ ಮಾಡುತ್ತದೆ. ಹೊರನೋಟಕ್ಕೆ ಎಂಎಸ್‌ನಂತೆಯೇ. ಆದರೆ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಲಿಝುಮ್ಯಾಬ್ ಕೊಟ್ಟರೆ ಎನ್‌ಎಂಒ ಉಲ್ಬಣಿಸಬಹುದು. ಎರಡನ್ನೂ ಬೇರ್ಪಡಿಸುವ ಪ್ರತಿಕಾಯ 2004ರಲ್ಲಿ ಪತ್ತೆಯಾಯಿತು. ಮಂಗಳೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ ಎರಡು ಮೂರು ಮಂದಿಗೆ ಎನ್‌ಎಂಒ ಬಗೆಯ ರೋಗ ಕಂಡಿತ್ತು. ಅಂದರೆ ನಮ್ಮಲ್ಲಿ ಇದು ನಿರ್ಲಕ್ಷಿಸುವಷ್ಟು ಅಪರೂಪವಲ್ಲ. ದೀರ್ಘಕಾಲದ ಔಷಧ ಆರಂಭಿಸುವ ಮೊದಲು ಈ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಎರಡನೆಯದು ಟಿಬಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ದೇಹದಲ್ಲಿ ಸುಪ್ತವಾಗಿರುವ ಟಿಬಿ, ಹೆಪಟೈಟಿಸ್ ಬಿ ಸೋಂಕು ಈ ಔಷಧಗಳಿಂದ ಎಚ್ಚರಗೊಳ್ಳಬಹುದು. ಆದ್ದರಿಂದ ಎದೆ ಎಕ್ಸ್‌ರೇ, ಟಿಬಿ ಮತ್ತು ಹೆಪಟೈಟಿಸ್ ಪರೀಕ್ಷೆ, ಬಾಕಿ ಇರುವ ಲಸಿಕೆ ಎಲ್ಲವೂ ಮೊದಲೇ ಮುಗಿಯಬೇಕು.

ಕಲ್ಯಾಣದಿಂದ ಪರೇಲ್‌ವರೆಗೆ: ಓಡಾಟದ ಲೆಕ್ಕ

ಕಲ್ಯಾಣದಿಂದ ಸಿಎಸ್‌ಎಂಟಿಗೆ ರೈಲಿನಲ್ಲಿ ಸುಮಾರು 54 ಕಿ.ಮೀ. ಪರೇಲ್‌ನ ಕೆಇಎಂ, ಸಯನ್ ಆಸ್ಪತ್ರೆ, ಭಾಯಖಳದ ಜೆಜೆ ಆಸ್ಪತ್ರೆ ಇದೇ ಸೆಂಟ್ರಲ್ ಮಾರ್ಗದ ಸುತ್ತಮುತ್ತ ಇವೆ. ತಜ್ಞರನ್ನು ಕಾಣಲು ಅಲ್ಲಿಗೆ ಹೋಗಬೇಕಾದರೂ, ನಡುವಿನ ರಕ್ತಪರೀಕ್ಷೆಗಳನ್ನು ಕಲ್ಯಾಣ, ಡೊಂಬಿವಲಿಯ ಲ್ಯಾಬ್‌ಗಳಲ್ಲೇ ಮಾಡಿಸಿ ವರದಿ ಕಳುಹಿಸಬಹುದೇ ಎಂದು ಕೇಳಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ. ಎಲ್ಲ ವರದಿಗಳೂ ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿದ್ದರೆ ಲಿಂಫೋಸೈಟ್ ಇಳಿಯುತ್ತಿದೆಯೇ, ಲಿವರ್ ಅಂಶ ಏರುತ್ತಿದೆಯೇ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಬೇಸಿಗೆಯ ಜನಜಂಗುಳಿಯ ಲೋಕಲ್ ರೈಲಿನಲ್ಲಿ ಮೈ ಬಿಸಿಯಾದಾಗ ಎಂಎಸ್ ಇರುವವರಿಗೆ ಕಣ್ಣು ಮಂಜಾಗುವುದು, ಕಾಲು ಸೋಲುವುದು ಸಾಮಾನ್ಯ. ತಂಪಾದ ಮೇಲೆ ಇಳಿದುಹೋದರೆ ಅದು ಮರುಕಳಿಕೆಯಲ್ಲ, ಔಷಧ ಸೋತಿದೆ ಎಂದೂ ಅಲ್ಲ. ಜ್ವರವಿಲ್ಲದೆ ಹೊಸ ಲಕ್ಷಣ 24 ಗಂಟೆಗಿಂತ ಹೆಚ್ಚು ಉಳಿದರೆ ಮಾತ್ರ ಮರುಕಳಿಕೆಯ ಅನುಮಾನ. ಈ ವ್ಯತ್ಯಾಸ ತಿಳಿಯದೆ ಔಷಧ ಬಿಟ್ಟವರೂ, ಬೇಡದ ಸ್ಟೀರಾಯ್ಡ್ ಪಡೆದವರೂ ಇರುತ್ತಾರೆ.

ಹಲವು ಬ್ರ್ಯಾಂಡ್‌ನ ಚುಚ್ಚುಮದ್ದುಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ರಜೆಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವ ಕುಟುಂಬ, ರಾತ್ರಿಯಿಡೀ ಔಷಧ ತಂಪಾಗಿರುವಂತೆ ಐಸ್‌ಪ್ಯಾಕ್ ಇರುವ ಡಬ್ಬಿ ಒಯ್ಯಬೇಕು. ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದ ಔಷಧವೂ ಕೆಡುತ್ತದೆ. ಕೆಟ್ಟ ಔಷಧ ಚುಚ್ಚಿಕೊಂಡರೆ ನೋವು ಮಾತ್ರ ಲಾಭ.

ಇನ್ನು ಬೆಲೆ. ವಿದೇಶಿ ಬ್ರ್ಯಾಂಡ್‌ಗಳು ಮಧ್ಯಮ ವರ್ಗದ ಕೈಗೆಟುಕುವುದಿಲ್ಲ. ದೇಶೀ ತಯಾರಿಕೆ ಇಲ್ಲಿ ದೊಡ್ಡ ಆಸರೆ. ನವಿ ಮುಂಬೈನ ರಬಾಳೆಯಲ್ಲಿ ನೆಲೆಯಿರುವ ರಿಲಯನ್ಸ್ ಲೈಫ್ ಸೈನ್ಸಸ್‌ನ ಇಂಟರ್‌ಫೆರಾನ್ ಬೀಟಾ-1ಎಗೆ 2011ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಹೈದರಾಬಾದ್‌ನ ನ್ಯಾಟ್ಕೊ ಗ್ಲಾಟಿರಾಮರ್ ತಯಾರಿಸುತ್ತದೆ. ಬ್ರ್ಯಾಂಡ್ ಬದಲಿಸುವಾಗ ಅಂಗಡಿಯವರ ಮಾತಿಗೆ ಬದಲಿಸದೆ, ವೈದ್ಯರಿಗೆ ತಿಳಿಸಿ, ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳುವುದು ಜಾಣತನ.

ಮಗು ಬೇಕೆಂದರೆ?

ರೋಗ ಕಾಣಿಸಿಕೊಳ್ಳುವುದೇ ಮದುವೆ, ಮಕ್ಕಳ ವಯಸ್ಸಿನಲ್ಲಿ. ಎಂಎಸ್ ಇದ್ದವರು ತಾಯಿಯಾಗಬಾರದು ಎಂಬುದು ತಪ್ಪು ಕಲ್ಪನೆ. ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಮರುಕಳಿಕೆ ಕಡಿಮೆಯಾಗುತ್ತದೆ, ಹೆರಿಗೆಯ ನಂತರದ ಮೂರು ತಿಂಗಳು ಹೆಚ್ಚುತ್ತದೆ. ಟೆರಿಫ್ಲೂನೊಮೈಡ್, ಫಿಂಗೋಲಿಮಾಡ್, ಕ್ಲಾಡ್ರಿಬೈನ್ ಗರ್ಭಿಣಿಯರಿಗೆ ನಿಷಿದ್ಧ. ಟೆರಿಫ್ಲೂನೊಮೈಡ್ ಅನ್ನು ದೇಹದಿಂದ ಬೇಗ ಹೊರಹಾಕಲು 11 ದಿನದ ಬೇರೆ ಔಷಧ ಕ್ರಮವಿದೆ. ಫಿಂಗೋಲಿಮಾಡ್ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಇಂಟರ್‌ಫೆರಾನ್ ಬಗ್ಗೆ ವರ್ಷಗಳ ದಾಖಲೆ ನೋಡಿದ ಯುರೋಪ್ ಔಷಧ ಸಂಸ್ಥೆ, ಅಗತ್ಯವಿದ್ದರೆ ಗರ್ಭಾವಸ್ಥೆಯಲ್ಲೂ ಬಳಸಬಹುದು ಎಂದು 2019ರಲ್ಲಿ ನಿಯಮ ಸಡಿಲಿಸಿತು. ಆದ್ದರಿಂದ ಮಗುವಿನ ಯೋಚನೆ ಇದ್ದರೆ ಗರ್ಭ ನಿಂತ ಮೇಲಲ್ಲ, ಔಷಧ ಆರಿಸುವ ದಿನವೇ ಹೇಳಬೇಕು.

ಎಂದಾದರೂ ನಿಲ್ಲಿಸಬಹುದೇ?

ವಯಸ್ಸಾದಂತೆ ಮರುಕಳಿಕೆ ತಾನಾಗಿ ಕಡಿಮೆಯಾಗುತ್ತದೆ, ಸೋಂಕಿನ ಅಪಾಯ ಏರುತ್ತದೆ. ಹಾಗಾದರೆ ಔಷಧ ನಿಲ್ಲಿಸಬಹುದೇ? ಅಮೆರಿಕದಲ್ಲಿ 55 ವರ್ಷ ಮೀರಿದ, ಐದು ವರ್ಷ ಮರುಕಳಿಕೆ ಇಲ್ಲದ 259 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಔಷಧ ಮುಂದುವರಿಸಿದವರಲ್ಲಿ ಶೇ. 4.7 ಮಂದಿಗೆ, ನಿಲ್ಲಿಸಿದವರಲ್ಲಿ ಶೇ. 12.2 ಮಂದಿಗೆ ರೋಗ ಮತ್ತೆ ಚಟುವಟಿಕೆ ತೋರಿತು. ಹೆಚ್ಚಿನವು ಎಂಆರ್‌ಐಯಲ್ಲಿ ಕಂಡ ಹೊಸ ಕಲೆಗಳು, ದೇಹಕ್ಕೆ ತಿಳಿಯುವ ಮರುಕಳಿಕೆ ಕೆಲವೇ ಕೆಲವು.

ನಿಲ್ಲಿಸಿದರೂ ಏನೂ ಆಗದು ಎಂದು ಈ ಪ್ರಯೋಗ ಸಾಬೀತು ಮಾಡಲಿಲ್ಲ. ನಿಲ್ಲಿಸಲೇಬಾರದು ಎಂದೂ ಹೇಳಲಿಲ್ಲ. ವಯಸ್ಸು, ಎಷ್ಟು ವರ್ಷದಿಂದ ರೋಗ ಶಾಂತವಾಗಿದೆ, ಯಾವ ಔಷಧ ಎಂಬುದರ ಮೇಲೆ ವೈದ್ಯರ ಜತೆ ಕೂತು ತೀರ್ಮಾನಿಸಬೇಕಾದ ವಿಷಯ. 30ರ ವಯಸ್ಸಿನಲ್ಲಿ 'ಈಗ ಆರಾಮಾಗಿದ್ದೇನೆ' ಎಂದು ತಾನಾಗಿ ಬಿಡುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

* ಇದು ಎಂಎಸ್ ಎಂಬುದು ಖಚಿತವೇ? ಎನ್‌ಎಂಒ ಪರೀಕ್ಷೆ ಆಗಿದೆಯೇ?
* ಈ ಔಷಧಕ್ಕೆ ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ? ಮನೆ ಹತ್ತಿರ ಮಾಡಿಸಬಹುದೇ?
* ಟಿಬಿ, ಹೆಪಟೈಟಿಸ್ ಪರೀಕ್ಷೆ ಮತ್ತು ಲಸಿಕೆ ಯಾವಾಗ?
* ಒಂದು ಡೋಸ್ ತಪ್ಪಿದರೆ ಏನು ಮಾಡಬೇಕು?
* ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಬರಬೇಕು?
* ಔಷಧ ಕೆಲಸ ಮಾಡುತ್ತಿದೆ ಎಂದು ಯಾವಾಗ, ಹೇಗೆ ನಿರ್ಧರಿಸುತ್ತೀರಿ?

ನೆರವು ಎಲ್ಲಿ?

1985ರಲ್ಲಿ ಆರಂಭವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಕೇಂದ್ರ ಮುಂಬೈನಲ್ಲೇ ಇದೆ. ಬೆಂಗಳೂರಿನಲ್ಲೂ ಶಾಖೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಇರುವುದರಿಂದ, ನಿಗದಿತ ಪ್ರಮಾಣದ ವೈಕಲ್ಯ ಇದ್ದವರು ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು. ಲೋಕಲ್ ರೈಲಿನ ದಿವ್ಯಾಂಗ ಬೋಗಿಯಲ್ಲಿ ಹೊರಗೆ ಕಾಣದ ಈ ಕಾಯಿಲೆಯವರನ್ನು ಯಾರಾದರೂ ಪ್ರಶ್ನಿಸಿದಾಗ ಇಂಥ ದಾಖಲೆ ಕೈಯಲ್ಲಿರುವುದು ಒಳಿತು. ಗಂಭೀರ ಕಾಯಿಲೆಗಳ ವಿಮೆಯ ಪ್ರಮಾಣಿತ ಪಟ್ಟಿಯಲ್ಲೂ, ಲಕ್ಷಣಗಳು ಕನಿಷ್ಠ ಆರು ತಿಂಗಳು ಉಳಿದ ಎಂಎಸ್ ಸೇರಿದೆ. ಪಾಲಿಸಿ ಇದ್ದವರು ಒಮ್ಮೆ ಓದಿ ನೋಡಬೇಕು.

ಪ್ರತಿ ವರ್ಷ ಮೇ 30ರಂದು ವಿಶ್ವ ಎಂಎಸ್ ದಿನ ಆಚರಿಸಲಾಗುತ್ತದೆ. 1993ಕ್ಕಿಂತ ಮೊದಲು ಈ ರೋಗದ ದಾರಿ ಬದಲಿಸುವ ಅನುಮತಿ ಪಡೆದ ಔಷಧ ಒಂದೂ ಇರಲಿಲ್ಲ. ಇಂದು ಹತ್ತಕ್ಕೂ ಹೆಚ್ಚು ಇವೆ. ಅಪಾಯವೇ ಇಲ್ಲದ ಔಷಧ ಅವುಗಳಲ್ಲಿ ಯಾವುದೂ ಇಲ್ಲ, ಆದರೆ ಬಹುತೇಕ ಅಪಾಯಗಳು ಮೊದಲೇ ಸುಳಿವು ಕೊಡುತ್ತವೆ. ಆ ಸುಳಿವು ಸಿಗುವುದು ತಪ್ಪದೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಹೊತ್ತಿಗೆ ಸರಿಯಾಗಿ ತೆಗೆಸಿದ ಎಂಆರ್‌ಐಯಲ್ಲಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಆರಂಭಿಸುವುದು, ಬದಲಿಸುವುದು ಅಥವಾ ನಿಲ್ಲಿಸುವುದನ್ನು ನರರೋಗ ತಜ್ಞರ ಸಲಹೆಯಂತೆ ಮಾತ್ರ ಮಾಡಿ.)